ಪುದೀನದ ಘಮ ಎಲ್ಲಿಂದ ಬರುತ್ತೆ, ಎಲ್ಲಿಗೆ ಹೋಗುತ್ತೆ?

ಓದುಗ ಸೋದರಿಯರೇ, ನೀವು ಕೈಯಾರೆ ಮಾಡಿ ಕಳಿಸಿದ ಆರು ಕಿಲೋ ಚಟ್ನಿಪುಡಿಯನ್ನು ಯಾರಾದರೂ ವಾಪಸು ತಂದು ನಿಮ್ಮ ಜಗಲಿಯ ಮೇಲಿಟ್ಟು ಹೋದರೆ ನಿಮಗೆ ಹೇಗನ್ನಿಸೀತು? ಹೋದ ವರ್ಷದ ಬೇಸಿಗೆಯಲ್ಲಿ ನನಗೆ ಆದದ್ದು ಅದೇ.

ನಮ್ಮದು ತಿಪಟೂರು. ಯಜಮಾನರು ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಸಂಬಳ ಸಂಸಾರಕ್ಕೆ ಸರಿಹೋಗುತ್ತೆ, ಮಗಳ ಹಾಸ್ಟೆಲ್ ಫೀಸಿಗೆ ಸಾಲದು. ಅದಕ್ಕೇ ಮೂರು ವರ್ಷದಿಂದ ನಾನು ಮನೆಯಲ್ಲೇ ಸಾರಿನಪುಡಿ, ಚಟ್ನಿಪುಡಿ ಮಾಡಿ ಗೊತ್ತಿದ್ದವರಿಗೆ ಕೊಡುತ್ತಾ ಬಂದಿದ್ದೇನೆ. ಅದರಲ್ಲೂ ನನ್ನ ಪುದೀನ ಚಟ್ನಿಪುಡಿ ಅಂದರೆ ನಮ್ಮ ಬೀದಿಯಲ್ಲಿ ಸ್ವಲ್ಪ ಹೆಸರು. ಹೋದ ಏಪ್ರಿಲ್‌ನಲ್ಲಿ ಒಂದು ಮದುವೆ ಮನೆಯವರು ನೆಂಟರಿಗೆ ಕಟ್ಟಿಕೊಡಲಿಕ್ಕೆ ಆರು ಕಿಲೋ ಬೇಕು ಅಂದರು. ಒಂದೇ ಸಲಕ್ಕೆ ಅಷ್ಟು ದೊಡ್ಡ ಆರ್ಡರು ನನಗೆ ಅದೇ ಮೊದಲು. ಸಂತೆಯಿಂದ ಎರಡು ಚೀಲ ಪುದೀನ ತಂದೆ. ತಾರಸಿಯ ಮೇಲೆ ಸುಡುಸುಡು ಬಿಸಿಲಿಗೆ ಎರಡು ದಿನ ಹರವಿದೆ. ಬಾಣಲೆಯಲ್ಲಿ ಇನ್ನಷ್ಟು ಗರಿಗರಿಯಾಗಲಿ ಅಂತ ಹುರಿದೆ. ಬಿಸಿ ಬೇಳೆಯ ಜೊತೆಗೇ ಮಿಕ್ಸಿಗೆ ಹಾಕಿ ಚೆನ್ನಾಗಿ ನುಣ್ಣಗೆ ಆಡಿಸಿದೆ. ಅಡಿಗೆಮನೆಯೆಲ್ಲಾ ಘಮಘಮ! ಪಕ್ಕದ ಮನೆಯವರು ಕಾಂಪೌಂಡಿನ ಆಚೆಯಿಂದಲೇ, "ಏನ್ರೀ, ಪುದೀನ ಪುಡೀನಾ?" ಅಂತ ಕೇಳಿದರು. ನಾನು ಹಿಗ್ಗಿ ಹೀರೇಕಾಯಿ ಆದೆ.

ಮೂರನೇ ದಿನ ಮದುವೆ ಮನೆಯ ಹಿರಿಯಾಕೆ ಡಬ್ಬಿಗಳ ಸಮೇತ ಬಂದರು. "ತಪ್ಪು ತಿಳ್ಕೋಬೇಡಿ ಕಣ್ರೀ. ಕಣ್ಣು ಮುಚ್ಚಿಕೊಂಡು ತಿಂದರೆ ಇದು ಬರೀ ಕಡಲೆಬೇಳೆ ಪುಡಿ. ಪುದೀನ ಎಲ್ಲಿ?" ಅಂದರು. ಬಾಯಿಗೆ ಹಾಕಿಕೊಂಡು ನೋಡಿದೆ. ಅವರ ಮಾತು ನಿಜ. ಒಣ ಹುಲ್ಲು ಅಗಿದ ಹಾಗಿತ್ತು. ಮುಂಗಡ ಹಣ ವಾಪಸು ಕೊಟ್ಟೆ. ಮಗಳ ಫೀಸಿಗೆ ನನ್ನ ಎರಡು ಬಳೆ ಗಿರವಿ ಅಂಗಡಿ ಸೇರಿದವು.

ಅಂದು ರಾತ್ರಿ ನಮ್ಮತ್ತೆಯವರು ಒಂದೇ ಒಂದು ಮಾತು ಹೇಳಿದರು. "ಅಡಿಗೆಮನೇಲಿ ಅಷ್ಟೊಂದು ಘಮ ಬಂದಾಗಲೇ ನಾನು ಅಂದುಕೊಂಡೆ ಕಣೆ, ಪುಡೀಲಿ ಇರಬೇಕಾದ್ದು ಗಾಳೀಲಿ ಹೋಗ್ತಾ ಇದೆ ಅಂತ." ಆಗ ನನಗೆ ಸಿಟ್ಟು ಬಂದಿತ್ತು. ಈಗ ಅನ್ನಿಸುತ್ತೆ, ಇಡೀ ವಿಷಯದ ತಿರುಳೇ ಆ ಮಾತಿನಲ್ಲಿತ್ತು.

ಎಲೆಯ ಅಡಿಯಲ್ಲಿ ಹೊಳೆಯುವ ಹನಿ

ರಜೆಗೆ ನನ್ನ ನಾದಿನಿಯ ಮಗಳು ಬಂದಳು. ತುಮಕೂರಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾಳೆ. ನನ್ನ ಕಥೆ ಕೇಳಿ ನಗಲಿಲ್ಲ, ಅದೇ ಪುಣ್ಯ. ಹಿತ್ತಲಿಗೆ ಕರೆದುಕೊಂಡು ಹೋಗಿ, ಒಂದು ಪುದೀನ ಎಲೆ ಮಗುಚಿ ಹಿಡಿದು, ಚೀಲದಿಂದ ಪುಟ್ಟ ಭೂತಗನ್ನಡಿ ತೆಗೆದು, "ಅತ್ತೆ, ಇಲ್ಲಿ ನೋಡಿ" ಅಂದಳು.

ಏನು ಕಂಡಿತು ಗೊತ್ತೇ? ಎಲೆಯ ಅಡಿಭಾಗದಲ್ಲಿ ಮಂಜಿನ ಹನಿ ಉದುರಿಸಿದ ಹಾಗೆ ಸಣ್ಣ ಸಣ್ಣ ಹೊಳೆಯುವ ಚುಕ್ಕಿಗಳು! ನೀವೂ ಮಕ್ಕಳ ಭೂತಗನ್ನಡಿ ಸಿಕ್ಕರೆ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಒಂದೊಂದು ಚುಕ್ಕಿಯೂ ಒಂದು ಎಣ್ಣೆ ಗ್ರಂಥಿ. ಅಡ್ಡಳತೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಒಂದು ಪುಟ್ಟ ಕಾಂಡದ ಮೇಲೆ ಎಂಟು ಜೀವಕೋಶಗಳು ಹೂವಿನ ಎಸಳಿನಂತೆ ಸುತ್ತಲೂ ಕೂತಿರುತ್ತವೆ. ಅವುಗಳ ಮೇಲೆ ತೆಳುವಾದ ಒಂದು ಪೊರೆ. ಆ ಎಂಟು ಕೋಶಗಳು ಎಣ್ಣೆ ತಯಾರಿಸಿ ಪೊರೆಯ ಕೆಳಗೆ ತುಂಬುತ್ತಾ ಹೋದಂತೆ, ಪೊರೆ ಪೂರಿಯ ಹಾಗೆ ಉಬ್ಬಿಕೊಳ್ಳುತ್ತೆ. ಪುದೀನದ ಘಮವೆಲ್ಲ ಆ ಪೂರಿಯ ಹೊಟ್ಟೆಯಲ್ಲಿ!

ಎಲೆಯನ್ನು ಬೆರಳಿನಲ್ಲಿ ತಿಕ್ಕಿದರೆ ತಾನೇ ವಾಸನೆ ಬರುವುದು? ಯಾಕೆಂದು ಈಗ ತಿಳಿಯಿತಲ್ಲ. ಪೊರೆ ಒಡೆಯಿತು, ಎಣ್ಣೆ ಗಾಳಿಗೆ ಸೇರಿತು. ಒಡೆಯದೆ ಗಿಡದ ಮೇಲಿದ್ದರೆ ಎಣ್ಣೆ ಆವಿಯಾಗಿ ಹೋಗುವುದು ತೀರ ಕಡಿಮೆ.

ಗಿಡಕ್ಕೇಕೆ ಈ ಎಣ್ಣೆ? ನಮ್ಮ ಚಟ್ನಿಗಂತೂ ಅಲ್ಲ. ಎಲೆ ಕಚ್ಚಲು ಬಂದ ಹುಳುವಿನ ಬಾಯಿಗೆ ಮೊದಲು ಸಿಗುವುದು ಈ ಘಾಟು. ಅನೇಕ ಹುಳುಗಳು ಅಲ್ಲಿಂದಲೇ ಕಾಲು ಕೀಳುತ್ತವೆ. ಎಣ್ಣೆ ಗಿಡದ ಸ್ವಂತ ಕೋಶಗಳಿಗೂ ಒಳ್ಳೆಯದಲ್ಲ. ಅದಕ್ಕೇ ಅದನ್ನು ಮೈಯಿಂದ ಆಚೆ, ಪೊರೆಯ ಕೆಳಗೆ ಬೇರೆಯಾಗಿ ಇಡುವ ಏರ್ಪಾಡು. ಸೀಮೆಎಣ್ಣೆ ಡಬ್ಬವನ್ನು ನಾವು ಅಕ್ಕಿ ಡಬ್ಬದ ಪಕ್ಕ ಇಡುತ್ತಿರಲಿಲ್ಲವಲ್ಲ, ಹಾಗೇ.

ಸಕ್ಕರೆಯಿಂದ ಸುವಾಸನೆ

ಎಣ್ಣೆ ತಯಾರಿಸುವ ಆ ಎಂಟು ಕೋಶಗಳಲ್ಲಿ ಹಸಿರೇ ಇಲ್ಲ. ಬಿಸಿಲು ಹಿಡಿದು ಸಕ್ಕರೆ ಮಾಡಿಕೊಳ್ಳುವ ಶಕ್ತಿ ಅವಕ್ಕಿಲ್ಲ. ಎಲೆಯ ಉಳಿದ ಭಾಗ ದುಡಿದು ಸಕ್ಕರೆ ಕಳಿಸಿದರೆ, ಇವು ಕೂತಲ್ಲೇ ಅತ್ತರು ಮಾಡುತ್ತವೆ. ಆದ್ದರಿಂದ ಬಿಸಿಲು ಬೀಳದ ಮೂಲೆಯಲ್ಲಿ ಬೆಳೆದ ಪುದೀನಕ್ಕೆ ಘಮ ಕಡಿಮೆ.

ತಯಾರಿ ಹೇಗೆ ಅಂದರೆ, ಮಣಿ ಪೋಣಿಸುವ ಹಾಗೆ. ಸಕ್ಕರೆ ಒಡೆದು ಬಂದ ಇಂಗಾಲದಿಂದ ಮೊದಲು ಐದೈದು ಮಣಿಯ ತುಂಡುಗಳು. ಅಂಥ ಎರಡು ತುಂಡು ಸೇರಿದರೆ ಹತ್ತು ಮಣಿಯ ಒಂದು ಸರ. ಆ ಸರವನ್ನು ಮಡಿಚಿ ಉಂಗುರ ಮಾಡಿದರೆ ಲಿಮೊನೀನ್ ಅನ್ನುವ ವಸ್ತು. ಇದು ನಮಗೆ ಹೊಸದಲ್ಲ. ಕಿತ್ತಳೆ ಸಿಪ್ಪೆ ಹಿಂಡಿದಾಗ ಕಣ್ಣಿಗೆ ಚಿಮ್ಮುತ್ತಲ್ಲ, ಆ ಎಣ್ಣೆಯಲ್ಲಿ ನೂರಕ್ಕೆ ತೊಂಬತ್ತು ಪಾಲಿಗೂ ಹೆಚ್ಚು ಇದೇ ಲಿಮೊನೀನ್. ಪುದೀನದ ಘಮಕ್ಕೂ ಕಿತ್ತಳೆಯ ಘಮಕ್ಕೂ ಆರಂಭ ಒಂದೇ ಅಂದರೆ ಆಶ್ಚರ್ಯವಲ್ಲವೇ?

ಇಲ್ಲಿಂದ ಮುಂದೆ ಪುದೀನದ ಜಾತಿಗಳು ಬೇರೆ ಬೇರೆ ದಾರಿ ಹಿಡಿಯುತ್ತವೆ. ನಮ್ಮ ಸಂತೆಗೆ ಕಟ್ಟು ಕಟ್ಟಾಗಿ ಬರುವುದು ಹೆಚ್ಚಾಗಿ ಸ್ಪಿಯರ್‌ಮಿಂಟ್ ಅನ್ನುವ ಜಾತಿ. ಅದು ಲಿಮೊನೀನ್ ಉಂಗುರದ ಒಂದು ಮೂಲೆಗೆ ಆಮ್ಲಜನಕ ಸೇರಿಸಿ, ಎರಡೇ ಮೆಟ್ಟಿಲಿನಲ್ಲಿ ಕಾರ್ವೋನ್ ಮಾಡಿ ಮುಗಿಸುತ್ತೆ. ನಮ್ಮ ಚಟ್ನಿ, ಪಲಾವಿನ ಪರಿಮಳ ಈ ಕಾರ್ವೋನಿನದು. ಪೆಪ್ಪರ್‌ಮಿಂಟ್ ಅನ್ನುವ ಇನ್ನೊಂದು ಜಾತಿ ಅದೇ ಉಂಗುರದ ಬೇರೆ ಮೂಲೆಗೆ ಆಮ್ಲಜನಕ ಸೇರಿಸುತ್ತೆ. ಆಮೇಲೆ ಒಂದೊಂದೇ ಮೆಟ್ಟಿಲು ಹತ್ತಿ ಪುಲೆಗೋನ್, ನಂತರ ಮೆಂಥೋನ್, ಕೊನೆಗೆ ಮೆಂಥಾಲ್. ಲಿಮೊನೀನಿನಿಂದ ಮೆಂಥಾಲಿಗೆ ಒಟ್ಟು ಆರು ಮೆಟ್ಟಿಲು. ಪ್ರತಿ ಮೆಟ್ಟಿಲಿಗೂ ಒಬ್ಬೊಬ್ಬ ಕೆಲಸದಾಳು, ಅಂದರೆ ಒಂದೊಂದು ಕಿಣ್ವ.

ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ರಾಡ್ನಿ ಕ್ರೋಟೊ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು ದಶಕಗಟ್ಟಲೆ ಈ ಮೆಟ್ಟಿಲುಗಳನ್ನೇ ಒಂದೊಂದಾಗಿ ಎಣಿಸಿದರು. ಸ್ಪಿಯರ್‌ಮಿಂಟ್ ಗಿಡಕ್ಕೆ ವಿಕಿರಣ ಹಾಯಿಸಿ ಪಡೆದ ಒಂದು ಗಿಡ, ಪೆಪ್ಪರ್‌ಮಿಂಟಿನಂಥ ಎಣ್ಣೆ ಕೊಡತೊಡಗಿದ್ದನ್ನು 1991ರಲ್ಲಿ ಅವರು ವಿವರಿಸಿದರು. ಆಮ್ಲಜನಕ ಕೂರಿಸುವ ಒಬ್ಬ ಕೆಲಸದಾಳು ಮೂಲೆ ಬದಲಾಯಿಸಿದ, ಇಡೀ ಗಿಡದ ಪರಿಮಳವೇ ಬದಲಾಯಿತು! ಒಗ್ಗರಣೆಗೆ ಸಾಸಿವೆ ಬದಲು ಮೆಂತ್ಯ ಬಿದ್ದರೆ ಸಾರೇ ಬೇರೆ ಆಗುವುದಿಲ್ಲವೇ?

ಸಬ್ಬಸಿಗೆ ಬೀಜದ ನಂಟು

ಇನ್ನೊಂದು ಸೋಜಿಗ ಕೇಳಿ. ನಮ್ಮ ಪುದೀನದಲ್ಲಿರುವ ಕಾರ್ವೋನೇ ಸಬ್ಬಸಿಗೆ ಬೀಜದಲ್ಲೂ ಇದೆ. ಆದರೆ ಯಾರಾದರೂ ಪುದೀನ ಮೂಸಿ ಸಬ್ಬಸಿಗೆ ಅಂದಾರೇ? ಎರಡು ಕೈಗಳನ್ನೂ ಎದುರು ಹಿಡಿದು ನೋಡಿಕೊಳ್ಳಿ. ಐದೈದು ಬೆರಳು, ಅಷ್ಟೇ ಉದ್ದ, ಆದರೂ ಎಡಗೈ ಬಳೆ ತೊಡಿಸಿದ ಹಾಗೆ ಎಡಗೈ ರವಿಕೆ ತೋಳನ್ನು ಬಲಗೈಗೆ ಏರಿಸಿದರೆ ಸರಿಯಾಗಿ ಕೂರುತ್ತದೆಯೇ? ಪುದೀನದ ಕಾರ್ವೋನ್ ಎಡಗೈ ಇದ್ದಂತೆ, ಸಬ್ಬಸಿಗೆ ಬೀಜದ್ದು ಬಲಗೈ ಇದ್ದಂತೆ. ಕನ್ನಡಿಯಲ್ಲಿ ಕಂಡ ಬಿಂಬ. ನಮ್ಮ ಮೂಗು ಎಷ್ಟು ಜಾಣ ಅಂದರೆ ಆ ಎರಡನ್ನೂ ಬೇರೆ ಮಾಡಿ ಗುರುತಿಸುತ್ತೆ. ಶುದ್ಧ ಮಾಡಿದ ಎರಡು ಕಾರ್ವೋನ್‌ಗಳನ್ನೂ ಮೂಸಿಸಿ 1971ರಲ್ಲಿ ವಿಜ್ಞಾನಿಗಳು ಇದನ್ನು ಖಚಿತಪಡಿಸಿದರು. ನಮ್ಮತ್ತೆ ಇದನ್ನು ಕೇಳಿ, "ಮೂಗು ಇರೋದು ಮೂಗುತಿಗೆ ಮಾತ್ರ ಅಂದುಕೊಂಡಿದ್ದೆಯೇನೇ?" ಅಂದರು.

ತಂಪು ಇರುವುದು ನಾಲಿಗೆಯಲ್ಲೋ, ಎಲೆಯಲ್ಲೋ?

ಪೆಪ್ಪರ್‌ಮಿಂಟ್ ಬಾಯಿಗೆ ಹಾಕಿಕೊಂಡು ಉಸಿರೆಳೆದರೆ ತಣ್ಣಗೆ ಅನ್ನಿಸುತ್ತೆ. ಬಾಯಿ ನಿಜವಾಗಿ ತಣ್ಣಗಾಗಿದೆಯೇ? ಇಲ್ಲ. ನಮ್ಮ ನರಗಳ ತುದಿಯಲ್ಲಿ ತಂಪನ್ನು ಗುರುತಿಸುವ ಒಂದು ಬಾಗಿಲಿದೆ. ಚಳಿ ತಗುಲಿದರೆ ಅದು ತೆರೆದು, ತಂಪಾಯಿತು ಎಂದು ಮಿದುಳಿಗೆ ಸುದ್ದಿ ಕಳಿಸುತ್ತೆ. ಮೆಂಥಾಲಿನ ಹತ್ತಿರ ಅದೇ ಬಾಗಿಲಿನ ಕಳ್ಳಬೀಗದಕೈ ಇದೆ. ಚಳಿಯಿಲ್ಲದೆಯೂ ಬಾಗಿಲು ತೆರೆದುಬಿಡುತ್ತೆ. ಈ ಬಾಗಿಲನ್ನು 2002ರಲ್ಲಿ ಅಮೆರಿಕದ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಅವರ ತಂಡಗಳು ಬೇರೆ ಬೇರೆಯಾಗಿ ಕಂಡುಹಿಡಿದವು. ಬಿಸಿ, ತಂಪು, ಸ್ಪರ್ಶಗಳನ್ನು ಮೈ ಹೇಗೆ ತಿಳಿಯುತ್ತದೆ ಎಂಬ ಕೆಲಸಕ್ಕಾಗಿ ಇಬ್ಬರಿಗೂ 2021ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಹಾಗಾದರೆ ಅಂಗಡಿಯ ಮೆಂಥಾಲ್ ಎಲ್ಲಿಂದ ಬರುತ್ತೆ? ನಮ್ಮ ದೇಶದಲ್ಲಿ ಅದಕ್ಕೆಂದೇ ಜಪಾನ್ ಪುದೀನ ಎಂಬ ಜಾತಿಯನ್ನು ಉತ್ತರ ಪ್ರದೇಶದ ಬಾರಾಬಂಕಿ, ರಾಂಪುರದ ಕಡೆ ಎಕರೆಗಟ್ಟಲೆ ಬೆಳೆಯುತ್ತಾರೆ. ಅದರ ಎಣ್ಣೆಯಲ್ಲಿ ನೂರಕ್ಕೆ ಎಪ್ಪತ್ತರಿಂದ ಎಂಬತ್ತು ಪಾಲು ಮೆಂಥಾಲೇ. ಲಕ್ನೋದಲ್ಲಿ 1959ರಲ್ಲಿ ಆರಂಭವಾದ ಕೇಂದ್ರ ಔಷಧೀಯ ಮತ್ತು ಸುಗಂಧ ಸಸ್ಯ ಸಂಸ್ಥೆಯವರು ಹಿಮಾಲಯ, ಕೋಸಿ ಮುಂತಾದ ತಳಿಗಳನ್ನು ರೈತರಿಗೆ ಕೊಟ್ಟಿದ್ದಾರೆ. ಅವರದೊಂದು ಕೇಂದ್ರ ನಮ್ಮ ಬೆಂಗಳೂರಿನಲ್ಲೂ ಇದೆ. ಜನವರಿ, ಫೆಬ್ರವರಿಯಲ್ಲಿ ನೆಟ್ಟು, ಬಿರುಬೇಸಿಗೆಯಲ್ಲಿ ಕೊಯ್ದು, ಹಬೆಯಲ್ಲಿ ಬೇಯಿಸಿ ಎಣ್ಣೆ ಇಳಿಸುತ್ತಾರೆ. ಎಣ್ಣೆಯನ್ನು ತಣ್ಣಗೆ ಮಾಡಿದರೆ ಮೆಂಥಾಲ್ ಕಲ್ಲುಸಕ್ಕರೆಯ ಹಾಗೆ ಹರಳುಗಟ್ಟುತ್ತೆ. ನೂರು ಕಿಲೋ ಹಸಿ ಸೊಪ್ಪಿಗೆ ಎಣ್ಣೆ ಸಿಗುವುದು ಅರ್ಧದಿಂದ ಮುಕ್ಕಾಲು ಕಿಲೋ ಮಾತ್ರ. ಇಷ್ಟು ಕಡಿಮೆ ಇರುವುದನ್ನು ನಾವು ಕೈಯಾರೆ ಹಾಳು ಮಾಡಿಕೊಂಡರೆ ಉಳಿಯುವುದೇನು, ನೀವೇ ಹೇಳಿ.

ಗಿಡವೇ ವಾಪಸು ತೆಗೆದುಕೊಳ್ಳುತ್ತೆ!

"ಅತ್ತೆ, ನೀವು ತಂದ ಸೊಪ್ಪು ಎಂಥದು? ಎಳೆಯದೋ, ಬಲಿತದ್ದೋ?" ಅಂತ ಹುಡುಗಿ ಕೇಳಿದಳು. ಎರಡು ಚೀಲ ಅಗ್ಗಕ್ಕೆ ಸಿಕ್ಕಿತ್ತು, ಮೊಳದುದ್ದದ ಕಡ್ಡಿ, ಕೆಳಗಿನ ಎಲೆಗಳು ಹಳದಿ ತಿರುಗಿದ್ದವು ಅಂದೆ. ಅವಳು ತಲೆಯಾಡಿಸಿದಳು.

ಎಲೆಯ ಜೀವನದಲ್ಲೂ ದುಡಿಯುವ ಕಾಲ ಅಂತ ಒಂದಿದೆ. ಪೆಪ್ಪರ್‌ಮಿಂಟ್ ಎಲೆಗಳನ್ನು ದಿನದಿನವೂ ಪರೀಕ್ಷಿಸಿ, 2000ದಲ್ಲಿ ಕ್ರೋಟೊ ಅವರ ಪ್ರಯೋಗಾಲಯದವರು ಪ್ರಕಟಿಸಿದ ಲೆಕ್ಕ ಹೀಗಿದೆ. ಎಲೆಗೆ 12ರಿಂದ 20 ದಿನ ತುಂಬುವ ಅವಧಿಯಲ್ಲಿ ಎಣ್ಣೆಯ ತಯಾರಿ ಭರದಿಂದ ನಡೆಯುತ್ತೆ. ಆಮೇಲೆ ತಯಾರಿ ನಿಲ್ಲುತ್ತೆ, ಇದ್ದದ್ದು ಉಳಿದುಕೊಂಡಿರುತ್ತೆ. ತೀರ ಎಳೆ ಕುಡಿಯಲ್ಲಿ ಇನ್ನೂ ಮೊದಲ ಮೆಟ್ಟಿಲುಗಳ ವಸ್ತುಗಳೇ ಹೆಚ್ಚು. ಪೂರ್ತಿ ಬಿಚ್ಚಿಕೊಂಡ, ಕಡುಹಸಿರಿನ ಎಲೆಯಲ್ಲಿ ಪರಿಮಳ ಹದಕ್ಕೆ ಬಂದಿರುತ್ತೆ.

ಇನ್ನು ಮುಪ್ಪಿನ ಕಾಲದ ಕಥೆ. ಪೆಪ್ಪರ್‌ಮಿಂಟ್ ಗಿಡ ಹೂ ಬಿಡುವ ಹೊತ್ತಿಗೆ, ಕೆಳಗಿನ ಹಳೆಯ ಎಲೆಗಳಲ್ಲಿದ್ದ ಮೆಂಥೋನ್ ಕಡಿಮೆಯಾಗತೊಡಗುತ್ತೆ. ಒಂದು ಪಾಲು ಮೆಂಥಾಲ್ ಆಗುತ್ತೆ. ಇನ್ನೊಂದು ಪಾಲು ಎಲ್ಲಿಗೆ? 1970, 80ರ ದಶಕಗಳ ಪ್ರಯೋಗಗಳಲ್ಲಿ ಇದಕ್ಕೆ ಉತ್ತರ ಸಿಕ್ಕಿತು. ಗಿಡ ಅದಕ್ಕೆ ಸಕ್ಕರೆಯ ಗಂಟು ಕಟ್ಟುತ್ತೆ. ಎಣ್ಣೆ ನೀರಿನಲ್ಲಿ ಕರಗದು, ಸಕ್ಕರೆ ಜೊತೆಯಾದರೆ ಕರಗುತ್ತೆ. ಹಾಗೆ ಕರಗಿದ್ದು ದಂಟಿನ ಮೂಲಕ ಇಳಿದು ಮಣ್ಣಿನೊಳಗಿನ ಬೇರುಕಾಂಡಕ್ಕೆ ಸೇರುತ್ತೆ. ಅಲ್ಲಿ ಸಕ್ಕರೆಯನ್ನು ಬಿಡಿಸಿ, ಉಂಗುರವನ್ನು ಒಡೆದು, ಮತ್ತೆ ಚೂರು ಚೂರು ಮಾಡಿ, ಆ ಚೂರುಗಳಿಂದ ಬೇರುಕಾಂಡಕ್ಕೆ ಬೇಕಾದ ಕೊಬ್ಬನ್ನು ಕಟ್ಟಿಕೊಳ್ಳುತ್ತೆ. ಎಲೆ ಹೇಗೂ ಉದುರಿ ಹೋಗುವುದು, ಅದರಲ್ಲಿದ್ದ ಆಸ್ತಿ ಯಾಕೆ ಹಾಳಾಗಬೇಕು ಅಂತ ಲೆಕ್ಕಾಚಾರ. ಹಳೆಯ ರೇಷ್ಮೆ ಸೀರೆ ಹರಿದಾಗ ನಾವು ಜರಿಯನ್ನು ಬಿಚ್ಚಿ ಇಟ್ಟುಕೊಳ್ಳುತ್ತಿದ್ದೆವಲ್ಲ! ಗಿಡವೂ ಒಳ್ಳೆಯ ಗೃಹಿಣಿಯೇ.

ನಮ್ಮ ಕಡೆ ಪುದೀನ ಹೂ ಬಿಡುವುದು ಅಪರೂಪ. ಅದಕ್ಕೆ ಹದಿನಾಲ್ಕು, ಹದಿನೈದು ಗಂಟೆಯ ಉದ್ದನೆಯ ಹಗಲು ಇಷ್ಟ. ನಮ್ಮಲ್ಲಿ ಬೇಸಿಗೆಯಲ್ಲೂ ಹಗಲು ಹದಿಮೂರು ಗಂಟೆಯ ಆಸುಪಾಸು. ಆದರೂ ಹಳದಿ ತಿರುಗಿದ ಎಲೆಯಿಂದ ಗಿಡ ತನ್ನ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದೆ ಅಂತಲೇ ಅರ್ಥ. ಅಂಥ ಸೊಪ್ಪನ್ನು ನಾನು ಅಗ್ಗ ಅಂತ ತಂದಿದ್ದೆ. ಅಗ್ಗಕ್ಕೆ ತಂದು ಮುಗ್ಗಲು ತಿಂದ ಹಾಗಾಯಿತು.

ನಾನು ಮಾಡಿದ ನಾಲ್ಕು ತಪ್ಪು

ಇಷ್ಟು ಕೇಳಿದ ಮೇಲೆ ನನ್ನ ತಪ್ಪುಗಳನ್ನು ನಾನೇ ಎಣಿಸಿಕೊಂಡೆ. ನಿಮಗೂ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಒಂದು, ಬಲಿತು ಹಳದಿಯಾದ ಸೊಪ್ಪು ತಂದದ್ದು. ದಂಟಿನ ಮೇಲಿನ ಅರ್ಧದಲ್ಲಿರುವ, ಪೂರ್ತಿ ಬಿಚ್ಚಿದ ಹಸಿರು ಎಲೆಯನ್ನೇ ಆರಿಸಿ.

ಎರಡು, ತಾರಸಿಯ ಬಿಸಿಲು. ಬಿಸಿಲಿಗೆ ಕಾದ ಕಾಂಕ್ರೀಟಿನ ಮೇಲೆ ಎಲೆ ಸುಟ್ಟು ಮುದುಡುವಾಗ ಆ ಪುಟ್ಟ ಪೂರಿಗಳೂ ಒಡೆಯುತ್ತವೆ. ಗಾಳಿಯಾಡುವ ನೆರಳಿನಲ್ಲಿ, ಹತ್ತಿ ಬಟ್ಟೆಯ ಮೇಲೆ, ಒಂದರ ಮೇಲೊಂದು ಬೀಳದ ಹಾಗೆ ಹರವಿ. ನಾಲ್ಕೈದು ದಿನ ಬೇಕಾದೀತು. ಮುರಿದರೆ ಪಟ್ ಅನ್ನಬೇಕು, ಬಣ್ಣ ಹಸಿರಾಗೇ ಇರಬೇಕು. ಈ ಮಾತಿಗೆ ನಮ್ಮತ್ತೆ ನಕ್ಕುಬಿಟ್ಟರು. "ತಿಪಟೂರಿನ ಸೊಸೆಯಾಗಿ ಇದನ್ನ ಕಾಲೇಜಿನವರು ಬಂದು ಹೇಳಬೇಕಾಯ್ತೇನೆ? ಉಂಡೆ ಕೊಬ್ಬರೀನ ಅಟ್ಟದಲ್ಲಿ ತಿಂಗಳುಗಟ್ಟಲೆ ನೆರಳಲ್ಲೇ ಒಣಗಿಸ್ತೀವಿ. ಬಿಸಿಲಿಗೆ ಹಾಕ್ತೀವಾ?" ನನ್ನ ಹತ್ತಿರ ಉತ್ತರವಿರಲಿಲ್ಲ.

ಮೂರು, ಎಲೆಯನ್ನು ಬಾಣಲೆಯಲ್ಲಿ ಹುರಿದದ್ದು, ಬಿಸಿ ಬೇಳೆಯ ಜೊತೆ ಮಿಕ್ಸಿಯಲ್ಲಿ ಆಡಿಸಿದ್ದು. ಮಿಕ್ಸಿ ಓಡಿದಷ್ಟೂ ಪಾತ್ರೆ ಬಿಸಿಯಾಗುತ್ತೆ, ಎಣ್ಣೆ ಹಾರಿ ಹೋಗುತ್ತೆ. ಅಂದು ಪಕ್ಕದ ಮನೆಗೆ ಹೋದ ಘಮ ನನ್ನ ಡಬ್ಬಿಗೆ ಸೇರಬೇಕಾದ್ದು.

ನಾಲ್ಕು, ಪುಡಿಯನ್ನು ಪೂರ್ತಿ ತಣಿಯಲು ಬಿಡದೆ ಅರ್ಧ ತುಂಬಿದ ಡಬ್ಬಿಗೆ ಹಾಕಿದ್ದು. ಡಬ್ಬಿಯ ಖಾಲಿ ಜಾಗದ ಗಾಳಿಯೂ, ಬೆಳಕೂ ಪರಿಮಳದ ಶತ್ರುಗಳೇ. ಲಿಮೊನೀನಿನಂಥವು ಗಾಳಿಯ ಆಮ್ಲಜನಕ ಹೀರಿಕೊಂಡು ಟರ್ಪೆಂಟೈನಿನಂಥ ವಾಸನೆಗೆ ತಿರುಗುತ್ತವೆ. ಚಿಕ್ಕ ಡಬ್ಬಿ, ಕಂಠದವರೆಗೆ ತುಂಬಿ, ಬಿಗಿಯಾದ ಮುಚ್ಚಳ, ಕತ್ತಲೆಯ ಕಪಾಟು.

ಹಸಿ ಪುದೀನಕ್ಕೂ ಇದೇ ನ್ಯಾಯ. ಪಲಾವಿಗೆ ಅರ್ಧ ಸೊಪ್ಪನ್ನು ಎಣ್ಣೆಯಲ್ಲಿ ಬಾಡಿಸಿ, ಉಳಿದರ್ಧವನ್ನು ಒಲೆ ಆರಿಸಿದ ಮೇಲೆ ಉದುರಿಸಿ ಮುಚ್ಚಳ ಮುಚ್ಚಿ. ತಂಬುಳಿಗೆ ಎಲೆಯನ್ನು ಬೇಯಿಸಲೇಬೇಡಿ. ಉಳಿದ ಕಟ್ಟನ್ನು ಹೂದಾನಿಯಲ್ಲಿಟ್ಟ ಹಾಗೆ ದಂಟು ಮುಳುಗುವಷ್ಟು ನೀರಿನಲ್ಲಿ ನಿಲ್ಲಿಸಿಡಿ. ವಾರದಲ್ಲಿ ಬೇರು ಬಿಟ್ಟರೆ ಅಗಲ ಬಾಯಿಯ ಕುಂಡದಲ್ಲಿ ನೆಡಿ. ಅರ್ಧ ದಿನದ ಬಿಸಿಲು, ನಿಲ್ಲದಷ್ಟು ನೀರು ಸಾಕು. ಕುಡಿ ಚಿವುಟುತ್ತಾ ಇದ್ದರೆ ಹೊಸ ಎಲೆಗಳು ಬರುತ್ತಲೇ ಇರುತ್ತವೆ.

ತಾಯಂದಿರಿಗೆ ಒಂದು ಎಚ್ಚರಿಕೆ

ಪುದೀನದ ಬಗ್ಗೆ ಇಷ್ಟೆಲ್ಲಾ ಹೊಗಳಿ, ಈ ಮಾತು ಹೇಳದೆ ಹೋದರೆ ತಪ್ಪಾದೀತು. ನನ್ನ ಮಗಳು ನಾಲ್ಕು ತಿಂಗಳ ಕೂಸಾಗಿದ್ದಾಗ ನೆಗಡಿಯಾಗಿ ಮೂಗು ಕಟ್ಟಿತ್ತು. ತಿಳಿಯದೆ, ದೊಡ್ಡವರು ಹಚ್ಚಿಕೊಳ್ಳುವ ಮೆಂಥಾಲ್ ಮುಲಾಮನ್ನು ಅದರ ಮೂಗಿನ ಕೆಳಗೆ ಸವರಿದೆ. ಕೂಸು ಒಮ್ಮೆಲೇ ಉಸಿರು ಸಿಕ್ಕಿಕೊಂಡು ನೀಲಿಯಾಯಿತು. ಎತ್ತಿಕೊಂಡು ಓಡಿದೆ. ದೇವರ ದಯೆ, ದಾರಿಯಲ್ಲೇ ಅತ್ತಿತು. ಡಾಕ್ಟರು ಚೆನ್ನಾಗಿ ಬೈದರು. ಎಳೆಯ ಕೂಸುಗಳ ಮೂಗಿನ ಹತ್ತಿರ ಮೆಂಥಾಲ್ ತಾಗಿದರೆ ಗಂಟಲು ಬಿಗಿದು ಉಸಿರೇ ನಿಲ್ಲಬಹುದಂತೆ. ಎರಡು ವರ್ಷದೊಳಗಿನ ಮಕ್ಕಳಿಗೆ ಮೆಂಥಾಲ್, ಕರ್ಪೂರ ಇರುವ ಮುಲಾಮು ಬೇಡವೇ ಬೇಡ. ಕೂಸಿನ ಮೂಗು ಕಟ್ಟಿದರೆ ಡಾಕ್ಟರು ಹೇಳುವ ಉಪ್ಪುನೀರಿನ ಹನಿಯೇ ಸರಿ.

ದೊಡ್ಡವರಿಗೂ ಒಂದು ಮಾತು. ಮೆಂಥಾಲ್ ಮೂಸಿದಾಗ ಮೂಗು ಬಿಟ್ಟಂತೆ ಅನ್ನಿಸುವುದು ಆ ತಂಪಿನ ಬಾಗಿಲಿನ ಆಟ. ಕಟ್ಟಿದ ಮೂಗು ನಿಜವಾಗಿ ತೆರೆದಿರುವುದಿಲ್ಲ. ಹಾಯೆನಿಸಿದರೆ ಸರಿ, ಆದರೆ ಅದನ್ನೇ ನಂಬಿ ಜ್ವರ, ಉಬ್ಬಸವನ್ನು ಕಡೆಗಣಿಸಬೇಡಿ. ಸೀಸೆಯ ಪುದೀನ ಎಣ್ಣೆಯನ್ನು ಮನೆಮದ್ದು ಅಂತ ಕುಡಿಯುವುದೂ ಅಪಾಯ. ನೂರು ಕಿಲೋ ಸೊಪ್ಪಿನ ಸಾರ ಒಂದು ಸಣ್ಣ ಕ್ಯಾನಿನಲ್ಲಿ ಅನ್ನುವುದನ್ನು ನೆನಪಿಡಿ. ಎಲೆಯ ಚಟ್ನಿ ಊಟ, ಎಣ್ಣೆ ಔಷಧ. ಎರಡಕ್ಕೂ ಅಳತೆ ಬೇರೆ.

ಪುದೀನ ಚಟ್ನಿಪುಡಿ, ಈಗ ನಾನು ಮಾಡುವ ಕ್ರಮ

ಬೇಕಾಗುವ ಸಾಮಾನು: ನೆರಳಲ್ಲಿ ಒಣಗಿಸಿದ ಪುದೀನ ಎಲೆ 2 ಲೋಟ, ಕಡಲೆಬೇಳೆ 1 ಲೋಟ, ಉದ್ದಿನಬೇಳೆ ಅರ್ಧ ಲೋಟ, ಒಣಕೊಬ್ಬರಿ ತುರಿ ಅರ್ಧ ಲೋಟ, ಬ್ಯಾಡಗಿ ಮೆಣಸಿನಕಾಯಿ 12, ಗುಂಟೂರು ಮೆಣಸಿನಕಾಯಿ 4, ಹುಣಸೆಹಣ್ಣು ಸಣ್ಣ ನಿಂಬೆ ಗಾತ್ರ, ಇಂಗು ಚಿಟಿಕೆ, ಎಣ್ಣೆ 1 ಚಮಚ, ಉಪ್ಪು ಮತ್ತು ಬೆಲ್ಲ ರುಚಿಗೆ.

ಮಾಡುವ ವಿಧಾನ: ಬೇಳೆಗಳನ್ನು ಸಣ್ಣ ಉರಿಯಲ್ಲಿ ಕೆಂಪಗೆ ಹುರಿಯಿರಿ. ಮೆಣಸಿನಕಾಯಿಯನ್ನು ಎಣ್ಣೆ, ಇಂಗಿನ ಜೊತೆ ಬೇರೆಯಾಗಿ ಹುರಿಯಿರಿ. ಬಾಣಲೆಯ ಬಿಸಿಗೇ ಹುಣಸೆಹಣ್ಣು, ಕೊಬ್ಬರಿ ಹಾಕಿ ಬೆಚ್ಚಗೆ ಮಾಡಿ. ಎಲ್ಲವನ್ನೂ ಅಗಲ ತಟ್ಟೆಯಲ್ಲಿ ಹರವಿ ಪೂರ್ತಿ ತಣಿಸಿ. ಅವಸರ ಬೇಡ, ಒಂದು ಗಂಟೆ ಆದರೂ ಸರಿ. ಉಪ್ಪು, ಬೆಲ್ಲ ಸೇರಿಸಿ ತರಿತರಿಯಾಗಿ ಪುಡಿ ಮಾಡಿ. ಮತ್ತೆ ತಣಿಯಲು ಬಿಡಿ. ಕೊನೆಗೆ ಪುದೀನ ಎಲೆಯನ್ನು ಕೈಯಲ್ಲೇ ಮುರಿದು ಹಾಕಿ, ಮಿಕ್ಸಿಯನ್ನು ಎರಡು ಸಲ ಮಾತ್ರ ಗಿರ್ರೆನ್ನಿಸಿ ನಿಲ್ಲಿಸಿ. ಎಲೆಯ ಚೂರು ಅಲ್ಲಲ್ಲಿ ಕಾಣಬೇಕು. ಒಡೆಯದೆ ಉಳಿದ ಎಣ್ಣೆಯ ಹನಿಗಳು ಊಟ ಮಾಡುವವರ ಬಾಯಿಯಲ್ಲಿ ಒಡೆಯಲಿ!

ಹೊಸ ಕ್ರಮದಲ್ಲಿ ಮಾಡಿದ ಮೊದಲ ಸಲ ಅಡಿಗೆಮನೆಯಲ್ಲಿ ಹೇಳಿಕೊಳ್ಳುವಂಥ ಘಮವೇ ಬರಲಿಲ್ಲ. ನನಗೆ ಎದೆ ಧಸಕ್ಕೆಂದಿತು. ನಮ್ಮತ್ತೆ ಒಂದು ಚಿಟಿಕೆ ಅನ್ನಕ್ಕೆ ಕಲೆಸಿ ಬಾಯಿಗೆ ಹಾಕಿಕೊಂಡು, ಏನೂ ಹೇಳದೆ ಇನ್ನೊಂದು ಚಮಚ ತುಪ್ಪ ಬಡಿಸು ಅಂದರು. ಅಷ್ಟು ಸಾಕಾಗಿತ್ತು.

ಒಂದು ಸಣ್ಣ ಡಬ್ಬಿಯನ್ನು ಆ ಮದುವೆ ಮನೆಯ ಹಿರಿಯಾಕೆಗೆ ನಾನೇ ಹೋಗಿ ಕೊಟ್ಟು ಬಂದೆ. ದುಡ್ಡು ಬೇಡ, ರುಚಿ ನೋಡಿ ಅಂದೆ. ಹದಿನೈದು ದಿನ ಸುದ್ದಿಯಿಲ್ಲ. ಗೌರಿ ಹಬ್ಬದ ಮುಂಚೆ ಅವರೇ ಬಂದು, ಮಗಳ ಮನೆಗೆ ಕಳಿಸಲಿಕ್ಕೆ ಎರಡು ಕಿಲೋ ಬೇಕು ಅಂದರು. ಆಮೇಲೆ ಅವರ ಬೀಗರು, ಅವರ ಓರಗಿತ್ತಿ. ದೀಪಾವಳಿಗೆ ಒಂದು ಬಳೆ ಬಿಡಿಸಿಕೊಂಡು ಬಂದೆ. ಇನ್ನೊಂದು ಗಿರವಿ ಅಂಗಡಿಯಲ್ಲೇ ಇದೆ. ಬರುತ್ತೆ, ಯುಗಾದಿಯ ಹೊತ್ತಿಗೆ.

ನೀವೂ ನಾಳೆ ಬೆಳಿಗ್ಗೆ ಪುದೀನ ಬಿಡಿಸುವಾಗ ಒಂದು ಎಲೆಯನ್ನು ಮಗುಚಿ ನೋಡಿ, ಸೋದರಿಯರೇ. ಆ ಹೊಳೆಯುವ ಹನಿಗಳನ್ನು ಒಮ್ಮೆ ಕಂಡರೆ, ಮತ್ತೆಂದೂ ಅದನ್ನು ಬಿಸಿಲಿಗೆ ಹಾಕಲು ನಿಮಗೆ ಕೈ ಬಾರದು.